ಕುರ್ಚಿಯಿಂದ ಏಳುವ ಬಲ: ಸ್ನಾಯು, ಪ್ರೋಟೀನ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ಅರವತ್ತು ದಾಟಿದವರು ತಮ್ಮ ಬಗ್ಗೆ ಬರೆದಿದ್ದಾರೆ, ಮಕ್ಕಳು ಅಪ್ಪ ಅಮ್ಮನ ಬಗ್ಗೆ ಬರೆದಿದ್ದಾರೆ. ಎಲ್ಲದಕ್ಕೂ ಉತ್ತರಿಸಲು ಜಾಗ ಇಲ್ಲ. ಹಲವರು ಕೇಳಿದ್ದನ್ನೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಹತ್ತು ವರ್ಷದಿಂದ ನನ್ನ ತೂಕ ಹೆಚ್ಚುಕಡಿಮೆ ಒಂದೇ ಇದೆ. ಬಿಪಿ ಇಲ್ಲ, ಶುಗರ್ ಇಲ್ಲ. ಆದರೆ ಈಗೀಗ ತಗ್ಗಿನ ಸೋಫಾದಿಂದ ಏಳಬೇಕಾದರೆ ಕೈ ಊರಲೇಬೇಕು. ಬಾಟಲಿ ಮುಚ್ಚಳ ತೆಗೆಯಲು ಮೊಮ್ಮಗನನ್ನು ಕರೆಯುತ್ತೇನೆ. ಮಗಳು 'ವಯಸ್ಸಾಯ್ತಲ್ಲಮ್ಮ, ಇದೆಲ್ಲ ಸಹಜ' ಅನ್ನುತ್ತಾಳೆ. ಸುಮ್ನೆ ಒಪ್ಪಿಕೊಳ್ಳಬೇಕಾ ಡಾಕ್ಟ್ರೇ?
— ಗೃಹಿಣಿ, 68 ವರ್ಷ

ಉತ್ತರ: ಒಪ್ಪಿಕೊಳ್ಳಬೇಡಿ ತಾಯಿ. ವಯಸ್ಸಾದಂತೆ ಸ್ನಾಯು ಕರಗುವುದು ಎಲ್ಲರಿಗೂ ಆಗುತ್ತದೆ, ಅಷ್ಟರ ಮಟ್ಟಿಗೆ ಮಗಳ ಮಾತು ಸರಿ. ಆದರೆ ಎಷ್ಟು ಬೇಗ ಕರಗುತ್ತದೆ ಅನ್ನುವುದು ತುಂಬಾ ಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಕಳೆದುಕೊಂಡದ್ದರಲ್ಲಿ ಒಂದಷ್ಟನ್ನು ಯಾವ ವಯಸ್ಸಿನಲ್ಲೂ ವಾಪಸ್ ಪಡೆಯಬಹುದು.

ತೂಕ ಒಂದೇ ಇದೆ ಅಂತ ಸಮಾಧಾನ ಪಡುವ ಹಾಗಿಲ್ಲ. ತಕ್ಕಡಿಗೆ ಸ್ನಾಯು ಯಾವುದು, ಕೊಬ್ಬು ಯಾವುದು ಅಂತ ಗೊತ್ತಾಗುವುದಿಲ್ಲ. ತೊಡೆಯ ಸ್ನಾಯು ಸಣ್ಣಗಾಗಿ ಹೊಟ್ಟೆಯಲ್ಲಿ ಕೊಬ್ಬು ಸೇರಿದರೂ ಅದು ಅದೇ ಸಂಖ್ಯೆ ತೋರಿಸುತ್ತದೆ. ನಲವತ್ತರ ಆಸುಪಾಸಿನಲ್ಲಿ ಸದ್ದಿಲ್ಲದೆ ಶುರುವಾಗುವ ಈ ಬದಲಾವಣೆ ಅರವತ್ತರ ನಂತರ ಜೋರಾಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಇನ್ನೂ ಸ್ವಲ್ಪ ವೇಗ ಪಡೆಯುತ್ತದೆ. ಇದು ಮಿತಿ ಮೀರಿದರೆ ಅದಕ್ಕೆ ಸಾರ್ಕೋಪೀನಿಯಾ ಅನ್ನುತ್ತಾರೆ. 2016ರಿಂದ ರೋಗಗಳ ಅಧಿಕೃತ ಪಟ್ಟಿಯಲ್ಲೂ ಅದಕ್ಕೆ ಜಾಗ ಇದೆ.

ಇನ್ನೊಂದು ವಿಷಯ ಕಡಿಮೆ ಜನರಿಗೆ ಗೊತ್ತು. ಸ್ನಾಯುವಿನ ಗಾತ್ರಕ್ಕಿಂತ ಅದರ ಬಲ ಬೇಗ ಇಳಿಯುತ್ತದೆ. ಎಪ್ಪತ್ತು ದಾಟಿದವರನ್ನು ವರ್ಷಗಟ್ಟಲೆ ಗಮನಿಸಿದಾಗ, ಕಾಲಿನ ಸ್ನಾಯು ವರ್ಷಕ್ಕೆ ಸುಮಾರು ಶೇ 1ರಷ್ಟು ಕಡಿಮೆಯಾದರೆ ಬಲ ಅದರ ಮೂರು ಪಟ್ಟು ವೇಗದಲ್ಲಿ ಇಳಿದಿತ್ತು. ಇಲ್ಲಿ ಸ್ನಾಯುವಿನ ಜೊತೆ ನರವೂ ಸೇರಿಕೊಂಡಿದೆ. ಸ್ನಾಯುವಿನ ಎಳೆಗಳಿಗೆ ಆದೇಶ ತರುವ ನರಕೋಶಗಳು ವಯಸ್ಸಾದಂತೆ ಒಂದೊಂದಾಗಿ ಸಾಯುತ್ತವೆ. ಅವು ನೋಡಿಕೊಳ್ಳುತ್ತಿದ್ದ ಎಳೆಗಳಲ್ಲಿ ಕೆಲವನ್ನು ಪಕ್ಕದ ನರ ವಹಿಸಿಕೊಳ್ಳುತ್ತದೆ, ಉಳಿದವು ಸೊರಗಿ ಹೋಗುತ್ತವೆ. ಹೀಗೆ ಹೋಗುವುದರಲ್ಲಿ ಹೆಚ್ಚಿನವು 'ವೇಗದ ಎಳೆ'ಗಳು, ಅಂದರೆ ಥಟ್ಟನೆ ಬಲ ಹಾಕಬೇಕಾದಾಗ ಬೇಕಾಗುವಂಥವು. ಸೋಫಾದಿಂದ ಮೇಲೇಳಲು, ಮೆಟ್ಟಿಲು ಹತ್ತಲು, ಎಡವಿದಾಗ ಇನ್ನೊಂದು ಕಾಲನ್ನು ಚಕ್ಕನೆ ಮುಂದಿಟ್ಟು ಬೀಳದೆ ಉಳಿಯಲು ಇವೇ ಬೇಕು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಕೈ ಇಲ್ಲದ, ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ಒರಗಿಸಿ ಇಡಿ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ನಿಂತು ಕೂರಿ. ಮಗಳು ಪಕ್ಕದಲ್ಲಿ ನಿಂತು ಗಡಿಯಾರ ನೋಡಲಿ. 15 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ, ಅಥವಾ ಕೈ ಊರದೆ ಏಳಲು ಆಗದಿದ್ದರೆ, ಕಾಲಿನ ಬಲ ಇಳಿದಿದೆ ಅಂತ ಅರ್ಥ. ಯುರೋಪಿನ ತಜ್ಞರ ತಂಡವೊಂದು 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲೂ ಇದೇ ಗಡಿ ಇದೆ.

ಮುಚ್ಚಳದ ಮಾತನ್ನು ನೀವು ಬರೆದದ್ದು ಒಳ್ಳೆಯದಾಯಿತು. 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಕೈ ಹಿಡಿತದ ಬಲ ಅಳೆದ ಒಂದು ದೊಡ್ಡ ಅಧ್ಯಯನ 2015ರಲ್ಲಿ ಬಂತು. ಹಿಡಿತ 5 ಕಿಲೋ ಕಡಿಮೆ ಇದ್ದಂತೆಲ್ಲ, ಅವರನ್ನು ಗಮನಿಸಿದ ವರ್ಷಗಳಲ್ಲಿ ಸಾಯುವ ಸಂಭವ ಶೇ 16ರಷ್ಟು ಹೆಚ್ಚಿತ್ತು. ಹೆದರಿಸಲು ಹೇಳುತ್ತಿಲ್ಲ. ಕೈ ಹಿಡಿತ ಇಡೀ ದೇಹದ ಸ್ಥಿತಿಯನ್ನು ತೋರಿಸುತ್ತದೆ ಅಷ್ಟೇ. ಬಿಪಿ ನೋಡುವ ಹಾಗೆ ಇದನ್ನೂ ಪ್ರತಿ ಸಲ ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಒಂದು ಎಚ್ಚರಿಕೆ. ಬಲ ಕೆಲವೇ ದಿನಗಳಲ್ಲಿ ಇಳಿದರೆ, ಅಥವಾ ಒಂದೇ ಕಡೆಯ ಕೈಕಾಲು ಸೋತರೆ, ಅದು ವಯಸ್ಸಿನ ವಿಷಯ ಅಲ್ಲ. ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಅಪ್ಪನಿಗೆ 74. ಕಾಲಿನಲ್ಲಿ ಶಕ್ತಿ ಇಲ್ಲ ಅಂತ ಪ್ರೋಟೀನ್ ಪುಡಿ ತಂದುಕೊಟ್ಟೆ. ತಿಂಗಳುಗಟ್ಟಲೆ ದಿನಾ ಎರಡು ಚಮಚ ಹಾಲಿಗೆ ಹಾಕಿ ಕುಡಿಯುತ್ತಿದ್ದಾರೆ. ಏನೂ ವ್ಯತ್ಯಾಸ ಕಾಣುತ್ತಿಲ್ಲ. ಬೇರೆ ಬ್ರ್ಯಾಂಡ್ ತರಬೇಕಾ?
— ಮಗ, 45 ವರ್ಷ

ಉತ್ತರ: ಬ್ರ್ಯಾಂಡ್ ಬದಲಿಸಿದರೆ ಪ್ರಯೋಜನ ಇಲ್ಲ ಸರ್. ಪುಡಿ ಕುಡಿದ ಮೇಲೆ ಅಪ್ಪ ಏನು ಮಾಡುತ್ತಾರೆ ಅಂತ ನೀವು ಬರೆದಿಲ್ಲ. ಮತ್ತೆ ಅದೇ ಕುರ್ಚಿಯಲ್ಲಿ ಕೂರುತ್ತಾರೆ ಅಂದುಕೊಳ್ಳುತ್ತೇನೆ. ಸಮಸ್ಯೆ ಅಲ್ಲೇ ಇರುವುದು.

ಅಮೆರಿಕದಲ್ಲಿ ನಡೆದು 1994ರಲ್ಲಿ ಪ್ರಕಟವಾದ ಒಂದು ಪ್ರಯೋಗದ ಬಗ್ಗೆ ಹೇಳುತ್ತೇನೆ. ಇದನ್ನು ವಯಸ್ಸಾದವರ ಮನೆಯವರೆಲ್ಲ ತಿಳಿದುಕೊಂಡಿರಬೇಕು ಅನ್ನುವುದು ನನ್ನ ಆಸೆ. ವೃದ್ಧರ ಆರೈಕೆ ಕೇಂದ್ರದಲ್ಲಿದ್ದ, ತುಂಬಾ ಸೊರಗಿದ್ದ 100 ಜನರನ್ನು ಡಾ. ಮಾರಿಯಾ ಫಿಯಾಟರೋನ್ ಮತ್ತು ಅವರ ಸಂಗಡಿಗರು ನಾಲ್ಕು ಗುಂಪು ಮಾಡಿದರು. ಅವರ ಸರಾಸರಿ ವಯಸ್ಸು 87. ಒಂದು ಗುಂಪಿಗೆ ಕಾಲಿನ ಬಲ ಹೆಚ್ಚಿಸುವ ವ್ಯಾಯಾಮ. ಇನ್ನೊಂದಕ್ಕೆ ದಿನಾ ಪೌಷ್ಟಿಕ ಪಾನೀಯ. ಮೂರನೆಯದಕ್ಕೆ ಎರಡೂ. ನಾಲ್ಕನೆಯದಕ್ಕೆ ಎರಡೂ ಇಲ್ಲ. ಹತ್ತು ವಾರ ಕಳೆದ ಮೇಲೆ ನೋಡಿದರೆ, ವ್ಯಾಯಾಮ ಮಾಡಿದವರ ಬಲ ದುಪ್ಪಟ್ಟಿಗಿಂತ ಜಾಸ್ತಿಯಾಗಿತ್ತು, ಸರಾಸರಿ ಶೇ 113ರಷ್ಟು ಏರಿಕೆ. ಮಾಡದವರಲ್ಲಿ ಶೇ 3. ವ್ಯಾಯಾಮ ಇಲ್ಲದೆ ಬರೀ ಪಾನೀಯ ಕುಡಿದವರಿಗೆ ಬಲದಲ್ಲಿ ಏನೂ ಲಾಭ ಸಿಗಲಿಲ್ಲ.

ಸ್ನಾಯು ದಿನಾ ತನ್ನನ್ನು ಒಂದಷ್ಟು ಒಡೆದುಕೊಂಡು ಮತ್ತೆ ಕಟ್ಟಿಕೊಳ್ಳುತ್ತಿರುತ್ತದೆ. ಕಟ್ಟು ಅನ್ನುವ ಸೂಚನೆ ಎರಡು ಕಡೆಯಿಂದ ಬರುತ್ತದೆ, ಊಟದ ಪ್ರೋಟೀನ್‌ನಿಂದ ಮತ್ತು ಭಾರ ಹೊತ್ತು ದಣಿಯುವುದರಿಂದ. ಹರೆಯದಲ್ಲಿ ಸ್ವಲ್ಪ ಪ್ರೋಟೀನ್ ಬಂದರೂ ಸಾಕು, ಸ್ನಾಯು ಎಚ್ಚೆತ್ತುಕೊಳ್ಳುತ್ತದೆ. ವಯಸ್ಸಾದ ಮೇಲೆ ಅದರ ಕಿವಿ ಮಂದವಾಗುತ್ತದೆ, ಅಷ್ಟೇ ಪ್ರೋಟೀನ್‌ಗೆ ಮೊದಲಿನಷ್ಟು ಓಗೊಡುವುದಿಲ್ಲ. ಆದರೆ ಮೊದಲು ಸ್ನಾಯುವನ್ನು ದುಡಿಸಿ ಆಮೇಲೆ ಪ್ರೋಟೀನ್ ಕೊಟ್ಟರೆ ಅದು ಚೆನ್ನಾಗಿ ಸ್ಪಂದಿಸುತ್ತದೆ. ಆ ಪರಿಣಾಮ ಒಂದು ದಿನದ ಮೇಲೂ ಉಳಿಯುತ್ತದೆ.

ಹಾಗಂತ ಪುಡಿ ಕೆಟ್ಟದ್ದಲ್ಲ. ಊಟ ಸೇರದವರಿಗೆ, ಅಗಿಯಲು ಆಗದವರಿಗೆ ಅನುಕೂಲ. ಊಟದಲ್ಲೇ ಸಾಕಷ್ಟು ಸಿಗುವವರಿಗೆ ಅದರ ಅಗತ್ಯ ಇಲ್ಲ. ಡಬ್ಬಿಯ ಹಿಂದೆ ಬರೆದಿರುವುದನ್ನು ಒಮ್ಮೆ ಓದಿ ನೋಡಿ. ಒಂದು ಸಲದ ಅಳತೆಯಲ್ಲಿ ಪ್ರೋಟೀನ್ ಎಷ್ಟು, ಸಕ್ಕರೆ ಎಷ್ಟು ಅಂತ ನೋಡಿ. ಕೆಲವು 'ಆರೋಗ್ಯ ಪೇಯ'ಗಳಲ್ಲಿ ಎರಡನೆಯದೇ ಜಾಸ್ತಿ ಇರುತ್ತದೆ. ಅಪ್ಪನಿಗೆ ವಾರಕ್ಕೆ ಎರಡು ಮೂರು ದಿನ ಕಾಲಿನ ವ್ಯಾಯಾಮ ಮಾಡಿಸಿ. ಹೇಗೆ ಅಂತ ಕೊನೆಯ ಪ್ರಶ್ನೆಯ ಉತ್ತರದಲ್ಲಿ ಬರೆದಿದ್ದೇನೆ. ನೀವೂ ಜೊತೆಗೆ ಮಾಡಿ. ನಲವತ್ತೈದು ಇದಕ್ಕೆ ಸರಿಯಾದ ವಯಸ್ಸು.

ಪ್ರಶ್ನೆ: ನಾನು ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ತೂಕ 60 ಕಿಲೋ. ದಿನಕ್ಕೆ ಎಷ್ಟು ಪ್ರೋಟೀನ್ ಬೇಕು? ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ.
— ನಿವೃತ್ತ ಶಿಕ್ಷಕರು, 66 ವರ್ಷ

ಉತ್ತರ: ಮೇಷ್ಟ್ರೇ, ನೀವು ಕೇಳಿರುವ ಲೆಕ್ಕಗಳಲ್ಲಿ ಒಂದು ಕಿಲೋ ತೂಕಕ್ಕೆ 0.8 ಗ್ರಾಂ ಅನ್ನುವುದು ಇದ್ದೇ ಇರುತ್ತದೆ. ಅದು ವಯಸ್ಕರಿಗೆಲ್ಲ ಹೇಳುವ ಹಳೆಯ ಲೆಕ್ಕ, ಅದರ ಹಿಂದಿನ ಪ್ರಯೋಗಗಳು ಬಹುಪಾಲು ಹರೆಯದವರ ಮೇಲೆ ನಡೆದವು. 65 ದಾಟಿದವರಿಗೆ ಕಿಲೋಗೆ 1ರಿಂದ 1.2 ಗ್ರಾಂ ಇರಲಿ ಅಂತ 2013ರಲ್ಲಿ ತಜ್ಞರ ಅಂತರರಾಷ್ಟ್ರೀಯ ತಂಡವೊಂದು ಸಲಹೆ ಕೊಟ್ಟಿತು. ನಿಮ್ಮ ಲೆಕ್ಕದಲ್ಲಿ ಅದು ದಿನಕ್ಕೆ 60ರಿಂದ 72 ಗ್ರಾಂ.

ಸಸ್ಯಾಹಾರದಲ್ಲಿ ಇದು ಆಗುತ್ತದೆ, ಆದರೆ ತಾನಾಗೇ ಆಗುವುದಿಲ್ಲ, ಸ್ವಲ್ಪ ಲೆಕ್ಕ ಇಟ್ಟುಕೊಳ್ಳಬೇಕು. ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 16 ಗ್ರಾಂ. 200 ಗ್ರಾಂ ಮೊಸರಿನಲ್ಲಿ 7. ಬೇಯಿಸುವ ಮೊದಲು ತೂಗಿದ 100 ಗ್ರಾಂ ಬೇಳೆ ಅಥವಾ ಕಾಳಿನಲ್ಲಿ 22ರಿಂದ 24. ಒಂದು ಹಿಡಿ, ಅಂದರೆ 30 ಗ್ರಾಂ ಶೇಂಗಾದಲ್ಲಿ 7ರಿಂದ 8. ದಿನವಿಡೀ ತಿನ್ನುವ ಅಕ್ಕಿ, ಗೋಧಿಯಂಥ ಧಾನ್ಯದಿಂದ ಇನ್ನೊಂದು 15ರಿಂದ 20. ಕೂಡಿಸಿ ನೋಡಿ, ಮುಟ್ಟಿಬಿಟ್ಟಿರಿ. ಸೋಯಾ ಸೇರಿದರೆ ಇನ್ನೂ ಸುಲಭ, ಬೀಜಗಳ ಪೈಕಿ ಅದರ ಪ್ರೋಟೀನ್ ಗುಣಮಟ್ಟ ಬಹಳ ಒಳ್ಳೆಯದು. ಪ್ರೋಟೀನ್ ಕಟ್ಟಿರುವುದು ಅಮೈನೋ ಆಮ್ಲ ಅನ್ನುವ ಸಣ್ಣ ತುಣುಕುಗಳಿಂದ. ಧಾನ್ಯದಲ್ಲಿ ಲೈಸಿನ್ ಅನ್ನುವ ಅಮೈನೋ ಆಮ್ಲ ಕಡಿಮೆ, ಕಾಳಿನಲ್ಲಿ ಮೆಥಿಯೋನಿನ್ ಅನ್ನುವುದು ಕಡಿಮೆ. ಎರಡನ್ನೂ ತಿಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಒಂದೇ ತಟ್ಟೆಯಲ್ಲೇ ಇರಬೇಕು ಅಂತೇನಿಲ್ಲ, ಅದೇ ದಿನದಲ್ಲಿ ಬಂದರೆ ಸಾಕು.

ಜನ ಎಡವುವುದು ಎರಡು ಕಡೆ. ಮೊದಲನೆಯದು ಬೆಳಗಿನ ತಿಂಡಿ. ವಯಸ್ಸಾದ ಎಷ್ಟೋ ಜನರ ಬೆಳಗಿನ ತಟ್ಟೆಯಲ್ಲಿ ಹಿಟ್ಟಿನ ಅಂಶವೇ ತುಂಬಿರುತ್ತದೆ, ಪ್ರೋಟೀನ್ 5-6 ಗ್ರಾಂ ದಾಟುವುದಿಲ್ಲ. ಮಂದ ಕಿವಿಯ ಸ್ನಾಯುವಿಗೆ ಅದು ಕೇಳಿಸುವುದೇ ಇಲ್ಲ. ಒಂದು ಹೊತ್ತಿಗೆ 20ರಿಂದ 25 ಗ್ರಾಂ ಆದರೂ ಬೀಳುವ ಹಾಗೆ ನೋಡಿಕೊಳ್ಳಿ, ಕನಿಷ್ಠ ಎರಡು ಹೊತ್ತು. ಎರಡನೆಯದು, ಬೇಳೆಯ ಮೇಲಿನ ತಿಳಿಯನ್ನು ಬಡಿಸಿಕೊಂಡು ಬೇಳೆ ತಿಂದೆ ಅಂದುಕೊಳ್ಳುವುದು. ಪ್ರೋಟೀನ್ ಇರುವುದು ತಳದಲ್ಲಿ ಕೂತ ಬೇಳೆಯಲ್ಲಿ. ಸೌಟನ್ನು ತಳಕ್ಕೆ ಇಳಿಸಿ.

ಹೊಟ್ಟೆ ತುಂಬಾ ತಿನ್ನದೆ ಬರೀ ಪ್ರೋಟೀನ್ ಲೆಕ್ಕ ಹಾಕಿದರೂ ಉಪಯೋಗ ಇಲ್ಲ. ಶಕ್ತಿ ಸಾಲದಿದ್ದರೆ ದೇಹ ಪ್ರೋಟೀನನ್ನೇ ಉರಿಸಿ ಬಳಸಿಕೊಳ್ಳುತ್ತದೆ. ಇದರ ಜೊತೆ ಬಿ12 ಮತ್ತು ವಿಟಮಿನ್ ಡಿ ಒಮ್ಮೆ ಪರೀಕ್ಷೆ ಮಾಡಿಸಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಅದರಿಂದಲೂ ಕಾಲಿನಲ್ಲಿ ಜೋಮು, ನಡಿಗೆಯಲ್ಲಿ ತೂರಾಟ ಬರಬಹುದು.

ಪ್ರಶ್ನೆ: ಪ್ರೋಟೀನ್ ಜಾಸ್ತಿ ತಿಂದರೆ ಕಿಡ್ನಿ ಹಾಳಾಗುತ್ತದೆ ಅಂತ ನಮ್ಮವರು ಬೇಳೆ, ಮೊಟ್ಟೆ ಎರಡನ್ನೂ ಬಿಟ್ಟಿದ್ದಾರೆ. ಕ್ರಿಯಾಟಿನಿನ್ ನಾರ್ಮಲ್ ಇದೆ. ವಯಸ್ಸು 70. ತುಂಬಾ ಸಣ್ಣ ಆಗಿದ್ದಾರೆ.
— ಅವರ ಪತ್ನಿ

ಉತ್ತರ: ಅಮ್ಮಾ, ಮೊದಲು ಆ ಬೇಳೆ, ಮೊಟ್ಟೆಯನ್ನು ತಟ್ಟೆಗೆ ವಾಪಸ್ ತರುವ ದಾರಿ ನೋಡೋಣ. ಆರೋಗ್ಯವಾಗಿರುವ ಕಿಡ್ನಿಯನ್ನು ಕಿಲೋಗೆ 1ರಿಂದ 1.2 ಗ್ರಾಂ ಪ್ರೋಟೀನ್ ಹಾಳು ಮಾಡುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಈಗಾಗಲೇ ಕಿಡ್ನಿ ತೀರಾ ಸೋತಿದ್ದು, ಡಯಾಲಿಸಿಸ್ ಇನ್ನೂ ಶುರುವಾಗಿಲ್ಲದವರಿಗೆ ಮಾತ್ರ ವೈದ್ಯರು ಪ್ರೋಟೀನ್‌ಗೆ ಮಿತಿ ಹಾಕುತ್ತಾರೆ. ಡಯಾಲಿಸಿಸ್ ಶುರುವಾದ ಮೇಲಂತೂ ಜಾಸ್ತಿಯೇ ಬೇಕಾಗುತ್ತದೆ.

ಆದರೆ ನಿಮ್ಮ ಪತ್ರದಲ್ಲಿ 'ಸಣ್ಣ ಆಗಿದ್ದಾರೆ' ಅನ್ನುವ ಮಾತು ಓದಿ ಒಂದು ವಿಷಯ ಹೇಳಲೇಬೇಕು. ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕುವ ಒಂದು ತ್ಯಾಜ್ಯ, ಕಿಡ್ನಿ ಸೋತರೆ ರಕ್ತದಲ್ಲಿ ಅದು ಏರುತ್ತದೆ. ಅದು ಹುಟ್ಟುವುದೇ ಸ್ನಾಯುವಿನಲ್ಲಿ. ಸ್ನಾಯು ಕರಗಿದವರಲ್ಲಿ ಅದು ಹುಟ್ಟುವುದೇ ಕಡಿಮೆ. ಹಾಗಾಗಿ ಕಿಡ್ನಿ ಸ್ವಲ್ಪ ಸೋತಿದ್ದರೂ ರಿಪೋರ್ಟ್‌ನಲ್ಲಿ ನಾರ್ಮಲ್ ಕಾಣಬಹುದು. ತುಂಬಾ ತೆಳ್ಳಗಾದವರಿಗೆ ಸಿಸ್ಟಾಟಿನ್ ಸಿ ಅನ್ನುವ ರಕ್ತ ಪರೀಕ್ಷೆ ಹೆಚ್ಚು ಸರಿಯಾದ ಚಿತ್ರ ಕೊಡುತ್ತದೆ, ಯಾಕೆಂದರೆ ಅದು ಸ್ನಾಯುವಿನ ಗಾತ್ರವನ್ನು ಅಷ್ಟಾಗಿ ಅವಲಂಬಿಸಿಲ್ಲ. ಜೊತೆಗೆ ಮೂತ್ರದಲ್ಲಿ ಅಲ್ಬುಮಿನ್ ಅನ್ನುವ ಪ್ರೋಟೀನ್ ಹೋಗುತ್ತಿದೆಯೇ ನೋಡಿಸಿ. ಎರಡೂ ಸರಿ ಇದ್ದರೆ ಧೈರ್ಯವಾಗಿ ಬಡಿಸಿ. ಸರಿ ಇಲ್ಲದಿದ್ದರೆ ಎಷ್ಟು ತಿನ್ನಬಹುದು ಅಂತ ಕಿಡ್ನಿ ವೈದ್ಯರು ಗ್ರಾಂ ಲೆಕ್ಕದಲ್ಲಿ ಹೇಳಲಿ. ಯಾರೋ ಹೇಳಿದರು ಅಂತ ಪೂರ್ತಿ ಬಿಡುವುದು ಬೇಡ. ಪ್ರಯತ್ನ ಪಡದೆ ತೂಕ ಇಳಿಯುತ್ತಿದ್ದರೆ ಅದಕ್ಕೆ ಬೇರೆ ಕಾರಣವೂ ಇರಬಹುದು, ಅದನ್ನೂ ಈ ವಾರವೇ ತೋರಿಸಿ.

ಪ್ರಶ್ನೆ: ದಿನಾ ಒಂದು ಗಂಟೆ ವಾಕಿಂಗ್ ಮಾಡುತ್ತೇನೆ. ಇದಕ್ಕಿಂತ ಬೇರೆ ವ್ಯಾಯಾಮ ಬೇಕಾ?
— 63 ವರ್ಷ

ಉತ್ತರ: ಬೇಕು. ವಾಕಿಂಗ್ ಬಿಡಬೇಡಿ, ಹೃದಯಕ್ಕೆ, ಶುಗರ್‌ಗೆ, ಮನಸ್ಸಿಗೆ ಅದು ತುಂಬಾ ಒಳ್ಳೆಯದು. ಆದರೆ ಸಮತಟ್ಟಾದ ದಾರಿಯಲ್ಲಿ ನಡೆಯುವಾಗ ತೊಡೆಯ ಸ್ನಾಯು ತನ್ನ ಬಲದ ಸಣ್ಣ ಪಾಲನ್ನಷ್ಟೇ ಬಳಸುತ್ತದೆ. ವೇಗದ ಎಳೆಗಳಿಗೆ ಕೆಲಸವೇ ಇರುವುದಿಲ್ಲ. ಕೈ, ಹೆಗಲು, ಬೆನ್ನಿಗಂತೂ ಏನೂ ಸಿಗುವುದಿಲ್ಲ. ವಯಸ್ಕರೆಲ್ಲ ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕು, 65 ದಾಟಿದವರು ಅದರ ಜೊತೆ ವಾರಕ್ಕೆ 3 ದಿನವಾದರೂ ದೇಹದ ಸಮತೋಲನ ಮತ್ತು ಬಲ ಎರಡಕ್ಕೂ ಕೆಲಸ ಕೊಡುವಂಥದ್ದನ್ನು ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಎರಡು ದಿನ ವಾಕಿಂಗ್‌ನಿಂದ ಇಪ್ಪತ್ತು ನಿಮಿಷ ಕಡಿಮೆ ಮಾಡಿ ಇದಕ್ಕೆ ಕೊಡಿ.

ಪ್ರಶ್ನೆ: ಅಮ್ಮನಿಗೆ 81. ನ್ಯುಮೋನಿಯಾ ಆಗಿ ಎರಡು ವಾರ ಆಸ್ಪತ್ರೆಯಲ್ಲಿದ್ದರು. ಹೋಗುವಾಗ ನಡೆದುಕೊಂಡು ಹೋದವರು, ಬರುವಾಗ ಇಬ್ಬರು ಹಿಡಿದುಕೊಳ್ಳಬೇಕಾಯಿತು. ನೆಂಟರೆಲ್ಲ 'ಸುಸ್ತಾಗಿದ್ದಾರೆ, ಮಲಗಿರಲಿ' ಅನ್ನುತ್ತಾರೆ. ಊಟವೂ ಸೇರುತ್ತಿಲ್ಲ. ಈ ವಯಸ್ಸಿನಲ್ಲಿ ಮತ್ತೆ ಬಲ ಬರುತ್ತದಾ?
— ಮಗಳು

ಉತ್ತರ: ಬರುತ್ತದಮ್ಮ. ಆದರೆ ಮಲಗಿಸಿಟ್ಟರೆ ಬರುವುದಿಲ್ಲ.

ಸರಾಸರಿ 67 ವರ್ಷದ, ಯಾವ ಕಾಯಿಲೆಯೂ ಇಲ್ಲದ ಕೆಲವರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ಊಟ ಸರಿಯಾಗೇ ಕೊಟ್ಟಿದ್ದರು. ಆದರೂ ಅಷ್ಟೇ ದಿನದಲ್ಲಿ ಕಾಲುಗಳಿಂದ ಸುಮಾರು ಒಂದು ಕಿಲೋ ಕೊಬ್ಬಲ್ಲದ ಅಂಶ ಹೋಗಿತ್ತು. ಅದರಲ್ಲಿ ಬಹುಪಾಲು ಸ್ನಾಯುವೇ. ನಿಮ್ಮ ತಾಯಿಗೆ ಇನ್ನೂ ಹೆಚ್ಚು ವಯಸ್ಸು, ಮೇಲೆ ಸೋಂಕು, ಜ್ವರ. ಸೋಂಕಿನ ಸಮಯದಲ್ಲಿ ದೇಹ ರೋಗದ ಜೊತೆ ಹೋರಾಡಲು ಬೇಕಾದ ಸಾಮಗ್ರಿಯನ್ನು ಸ್ನಾಯುವನ್ನು ಒಡೆದೇ ಪಡೆಯುತ್ತದೆ. ನಡೆದು ಹೋದವರು ನಡೆಯಲಾಗದೆ ಬಂದದ್ದು ಹೀಗೆ. 'ಕಾಯಿಲೆ ವಾಸಿಯಾಯಿತು, ಆದರೆ ಅಮ್ಮ ಮೊದಲಿನಂತಾಗಲೇ ಇಲ್ಲ' ಅಂತ ಎಷ್ಟೋ ಮನೆಗಳಲ್ಲಿ ಕೇಳುತ್ತೇವಲ್ಲ, ಆ ಮಾತು ಹುಟ್ಟುವುದು ವಾಸಿಯಾದ ನಂತರದ ಈ ಮಲಗಿರುವ ವಾರಗಳಲ್ಲಿ. ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಎಂಬತ್ತೊಂದು ಜಾಸ್ತಿ ಆಯಿತಾ ಅಂತ ಯೋಚಿಸಬೇಡಿ. ಮೇಲೆ ಹೇಳಿದ ಡಾ. ಫಿಯಾಟರೋನ್ ಅವರೇ 1990ರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ತೂಕ ಎತ್ತುವ ವ್ಯಾಯಾಮ ಮಾಡಿಸಿದ್ದರು. ಪೂರ್ತಿ ಮಾಡಿದವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಏರಿತು. ತೊಡೆಯ ಸ್ನಾಯುವಿನ ಗಾತ್ರವೂ ಶೇ 9ರಷ್ಟು ಹೆಚ್ಚಿತು.

ಜ್ವರ ಇಲ್ಲ, ಉಸಿರು ಸರಿ ಇದೆ, ಡಾಕ್ಟರ್ ಒಪ್ಪಿದ್ದಾರೆ ಅಂದರೆ ಇವತ್ತೇ ಶುರು ಮಾಡಿ. ಊಟವನ್ನು ಮಂಚಕ್ಕೆ ಕೊಂಡೊಯ್ಯಬೇಡಿ. ಹಿಡಿದುಕೊಂಡಾದರೂ ಸರಿ, ಕುರ್ಚಿಗೆ ಬಂದು ಕೂರಲಿ. ಶೌಚಕ್ಕೂ ಹಾಗೇ ನಡೆಸಿಕೊಂಡು ಹೋಗಿ. ದಿನಕ್ಕೆ ನಾಲ್ಕೈದು ಸಲ, ಸಲಕ್ಕೆ ಎರಡು ಮೂರು ಬಾರಿ ಕುರ್ಚಿಯಿಂದ ಎದ್ದು ನಿಲ್ಲಲಿ. ಮೊದಲ ವಾರ ನಿಮ್ಮ ಕೈ ಆಸರೆ ಇರಲಿ, ಆದರೆ ಮೇಲಕ್ಕೆ ಎಳೆಯಬೇಡಿ. ಅವರ ಕಾಲು ಕೆಲಸ ಮಾಡಲಿ, ನೀವು ಬೀಳದಂತೆ ನೋಡಿಕೊಳ್ಳಿ. ಸಾಧ್ಯವಾದರೆ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಮನೆಗೆ ಕರೆಸಿ.

ಕಾಯಿಲೆಯಿಂದ ಎದ್ದವರಿಗೆ ಪ್ರೋಟೀನ್ ಕಿಲೋಗೆ 1.2ರಿಂದ 1.5 ಗ್ರಾಂವರೆಗೂ ಬೇಕಾಗುತ್ತದೆ. ಹಸಿವಿಲ್ಲದವರಿಗೆ ಅಷ್ಟು ತಿನ್ನಿಸುವುದು ಕಷ್ಟ, ಗೊತ್ತು. ತಟ್ಟೆ ಸಣ್ಣದಿರಲಿ, ಐದಾರು ಸಲ ಕೊಡಿ. ಮೊದಲ ನಾಲ್ಕು ತುತ್ತು ಪ್ರೋಟೀನ್ ಇರುವುದೇ ಆಗಲಿ. ಮೆತ್ತಗಿನ ಮೊಟ್ಟೆ, ಗಟ್ಟಿ ಮೊಸರು, ನುಣ್ಣಗೆ ಮಸೆದ ಬೇಳೆ, ತಿನ್ನುವವರಾದರೆ ಮುಳ್ಳು ತೆಗೆದ ಮೀನು. ನೀರಾದ ಸೂಪು ಮೊದಲೇ ಕೊಟ್ಟು ಹೊಟ್ಟೆ ತುಂಬಿಸಬೇಡಿ. ಹಲ್ಲಿನ ಸೆಟ್ ಸಡಿಲ ಆಗಿದೆಯಾ ನೋಡಿ. ತೂಕ ಇಳಿದಾಗ ಅದೂ ಸಡಿಲವಾಗುತ್ತದೆ, ಆಮೇಲೆ ಅವರು ಅಗಿಯುವಂಥದ್ದನ್ನೆಲ್ಲ ಬೇಡ ಅನ್ನಲು ಶುರು ಮಾಡುತ್ತಾರೆ.

ಪ್ರಶ್ನೆ: 62 ವರ್ಷ, 94 ಕಿಲೋ ಇದ್ದೇನೆ. ಶುಗರ್ ಇದೆ ಅಂತ ತೂಕ ಇಳಿಸುವ ಇಂಜೆಕ್ಷನ್ ಶುರು ಮಾಡಿದ್ದಾರೆ. ದಪ್ಪ ಇರುವವನಿಗೂ ಸ್ನಾಯು ಚಿಂತೆ ಬೇಕಾ?
— ವ್ಯಾಪಾರಿ

ಉತ್ತರ: ನಿಮಗೆ ಇನ್ನೂ ಜಾಸ್ತಿ ಬೇಕು ಸರ್. ಊಟ ಕಡಿಮೆ ಮಾಡಿಯೋ ಔಷಧದಿಂದಲೋ ತೂಕ ಇಳಿದಾಗ ಹೋಗುವುದು ಕೊಬ್ಬೊಂದೇ ಅಲ್ಲ. ವ್ಯಾಯಾಮ ಇಲ್ಲದಿದ್ದರೆ ಇಳಿದ ತೂಕದಲ್ಲಿ ಸುಮಾರು ಕಾಲು ಭಾಗ, ಕೆಲವರಲ್ಲಿ ಅದಕ್ಕಿಂತ ಹೆಚ್ಚು, ಕೊಬ್ಬಲ್ಲದ ಅಂಶ ಇರುತ್ತದೆ. ಊಟ ಮಾಡಿದ ಮೇಲೆ ರಕ್ತದಲ್ಲಿ ಏರುವ ಸಕ್ಕರೆಯ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ಸ್ನಾಯುವೇ ಆದ್ದರಿಂದ ಅದು ಕರಗಿದರೆ ಶುಗರ್ ಹಿಡಿತಕ್ಕೂ ನಷ್ಟ. ಇಂಜೆಕ್ಷನ್ ನಿಲ್ಲಿಸಬೇಡಿ. ಹಸಿವು ಕಡಿಮೆಯಾಗಿರುವಾಗ ತಿನ್ನುವ ಸ್ವಲ್ಪದರಲ್ಲೇ ಪ್ರೋಟೀನ್ ಮೊದಲು ಸೇರಲಿ, ವ್ಯಾಯಾಮ ಈ ವಾರವೇ ಶುರುವಾಗಲಿ.

ಪ್ರಶ್ನೆ: ಕೊಲಾಜನ್ ಪುಡಿ ಸ್ನಾಯುವಿಗೆ ಒಳ್ಳೆಯದಾ?
— ಹಲವರು

ಉತ್ತರ: ಕೊಲಾಜನ್ ಅನ್ನುವುದು ಪ್ರಾಣಿಗಳ ಚರ್ಮ, ಮೂಳೆಯಂಥವುಗಳಿಂದ ತೆಗೆಯುವ ಪ್ರೋಟೀನ್. ಸ್ನಾಯು ಕಟ್ಟಲು ಅದನ್ನು ನಂಬಬೇಡಿ. ಅದರಲ್ಲಿ ಟ್ರಿಪ್ಟೊಫಾನ್ ಅನ್ನುವ ಅಗತ್ಯ ಅಮೈನೋ ಆಮ್ಲ ಇಲ್ಲವೇ ಇಲ್ಲ, ಸ್ನಾಯುವನ್ನು ಎಚ್ಚರಿಸುವ ಲ್ಯೂಸಿನ್ ಕಡಿಮೆ. ಹಾಲು, ಮೊಟ್ಟೆ, ಸೋಯಾ ಇದಕ್ಕಿಂತ ಎಷ್ಟೋ ಮೇಲು.

ಪ್ರಶ್ನೆ: ಜಿಮ್‌ಗೆ ಹೋಗಲು ಸಂಕೋಚ. ಮಂಡಿ ನೋವೂ ಇದೆ. ಮನೆಯಲ್ಲೇ ಎಲ್ಲಿಂದ ಶುರು ಮಾಡಲಿ?
— 71 ವರ್ಷದ ಓದುಗರು

ಉತ್ತರ: ಕುರ್ಚಿಯಿಂದಲೇ. ಮಂಡಿ ನೋವಿಗೆ ತೊಡೆ ಗಟ್ಟಿಯಾಗುವುದು ಒಳ್ಳೆಯ ಔಷಧ. ಹಾಗಾಗಿ ನೋವಿದೆ ಅಂತ ಬಿಡುವ ಬದಲು ನೋವಿಗೆ ತಕ್ಕ ಹಾಗೆ ಮಾಡಬೇಕು.

ಕುರ್ಚಿ ಗೋಡೆಗೆ ಒರಗಿರಲಿ. ಎತ್ತರ ಸಾಲದಿದ್ದರೆ ಮೇಲೆ ಗಟ್ಟಿ ದಿಂಬು ಹಾಕಿ, ಮಂಡಿಗೆ ಕಡಿಮೆ ಒತ್ತಡ ಬೀಳುತ್ತದೆ. ಅಂಚಿಗೆ ಬನ್ನಿ. ಪಾದಗಳು ಸೊಂಟದಷ್ಟು ಅಗಲದಲ್ಲಿ, ಮಂಡಿಗಿಂತ ಸ್ವಲ್ಪ ಹಿಂದೆ ಇರಲಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಹಿಮ್ಮಡಿಯಿಂದ ನೆಲವನ್ನು ತಳ್ಳಿ ಏಳಿ. ಏಳುವಾಗ ಉಸಿರು ಬಿಡಿ, ಬಿಗಿಹಿಡಿಯಬೇಡಿ. ಕೂರುವಾಗ ಧೊಪ್ಪನೆ ಕೂರಬೇಡಿ. ಮನಸ್ಸಿನಲ್ಲಿ ಮೂರು ಎಣಿಸುತ್ತಾ ನಿಧಾನಕ್ಕೆ ಇಳಿಯಿರಿ, ಸ್ನಾಯುವಿಗೆ ಅರ್ಧ ಲಾಭ ಆ ಇಳಿಯುವುದರಲ್ಲೇ ಇದೆ. ಎಂಟು ಸಲ ಮಾಡಿ, ಎರಡು ನಿಮಿಷ ಸುಧಾರಿಸಿಕೊಂಡು ಮತ್ತೆ ಎಂಟು. ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು. ಅನ್ನಿಸದಿದ್ದರೆ ದಿಂಬು ತೆಗೆಯಿರಿ, ಆಮೇಲೆ ಎದೆಗೆ ಎರಡು ಲೀಟರ್ ನೀರಿನ ಬಾಟಲಿ ಅಪ್ಪಿಕೊಳ್ಳಿ. ಎಷ್ಟೋ ಜನ ಆರು ತಿಂಗಳು ಒಂದೇ ಭಾರದಲ್ಲಿ ನಿಂತುಬಿಡುತ್ತಾರೆ, ಸ್ನಾಯುವೂ ಅಲ್ಲೇ ನಿಲ್ಲುತ್ತದೆ.

ಜೊತೆಗೆ ಗೋಡೆಗೆ ಕೈಕೊಟ್ಟು ದಂಡ ಹೊಡೆಯುವ ಹಾಗೆ ತಳ್ಳುವುದು, ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ರಬ್ಬರ್ ಬ್ಯಾಂಡ್ ಎಳೆಯುವುದು. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಮರುದಿನ ತೊಡೆಯಲ್ಲಿ ಮೈಕೈ ನೋವಿನಂಥದ್ದು ಬಂದರೆ ಹೆದರಬೇಡಿ. ಮಂಡಿಯ ಕೀಲಿನೊಳಗೇ ಚುಚ್ಚುವ ನೋವು ಬಂದರೆ ಅಥವಾ ಮಂಡಿ ಊದಿದರೆ ಕುರ್ಚಿಯ ಎತ್ತರ ಜಾಸ್ತಿ ಮಾಡಿ, ಸಂಖ್ಯೆ ಕಡಿಮೆ ಮಾಡಿ. ಹೃದಯದ ತೊಂದರೆ ಇದ್ದವರು, ಬಿಪಿ ಹತೋಟಿಯಲ್ಲಿ ಇಲ್ಲದವರು ಮೊದಲು ತಮ್ಮ ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ಮಾಡುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ, ಅದೇ ದಿನ ತೋರಿಸಿ.